ದೋರಸಮುದ್ರದ ರಣಭೂಮಿ

ಅರಸೀಕೆರೆಯಲ್ಲಿ ರೈಲಿನಿಂದಿಳಿದು ಹಳೇಬೀಡಿಗೆ ತೆರಳುವ ಯಾತ್ರಿಕರು ಹೊಯ್ಸಳೇಶ್ವರನ ದರ್ಶನವನ್ನೂ ಶಿಲ್ಪವೈಭವವನ್ನೂ ಬಯಸಿ ಬರುವರು. ತಾವು ಕಾಲಿಡುವ ನೆಲವು ಒಂದು ರಣಭೂಮಿಯೆಂಬುದನ್ನು ನೆನೆಯುವವರು ವಿರಳ. ದ್ವಾರಸಮುದ್ರವೆಂದೂ ದೋರಸಮುದ್ರವೆಂದೂ ಕರೆಯಲ್ಪಟ್ಟ ಹೊಯ್ಸಳರ ರಾಜಧಾನಿಯು ಇದೇ ಆಗಿದ್ದಿತು.

ಈ ಸೀಮೆಯಲ್ಲಿ ಯುದ್ಧಕ್ಕೂ ದೇವಾಲಯಕ್ಕೂ ನಿಕಟವಾದ ನಂಟುಂಟು. ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನು ಚೋಳರಿಂದ ತಲಕಾಡನ್ನು ಗೆದ್ದುಕೊಟ್ಟನು. ಆ ಬಳಿಕ, 1117ರಲ್ಲಿ, ಅರಸನು ಬೇಲೂರಿನಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಿಸಿದನು. ಗಂಗರಾಜನ ಮಗನಾದ ಬೊಪ್ಪನು ತಂದೆಯ ನೆನಪಿಗಾಗಿ 1133ರಲ್ಲಿ ಹಳೇಬೀಡಿನಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು. ಅರಸೀಕೆರೆಯ ಶಿವಾಲಯವು 1220ರ ಸುಮಾರಿನದು. ಎರಡನೆಯ ಬಲ್ಲಾಳನು ಕಾಲವಾದುದೂ ಆ ವರ್ಷದಲ್ಲಿಯೇ. ಅವನೊಡನೆ ಸಾಯುವ ವ್ರತವನ್ನು ತೊಟ್ಟಿದ್ದ ಕುವರ ಲಕ್ಷ್ಮ ದಂಡನಾಯಕನು ಪತ್ನೀಸಮೇತನಾಗಿ ಸಂಗಡಿಗರೊಡನೆ ಪ್ರಾಣವನ್ನು ಅರ್ಪಿಸಿದನು. ಹೊಯ್ಸಳೇಶ್ವರನ ಬಳಿಯ ಗರುಡಗಂಬದಲ್ಲಿ ತಮ್ಮ ಶಿರವನ್ನು ತಾವೇ ಅರಿದುಕೊಳ್ಳುವ ಭಟರ ರೂಪಗಳನ್ನು ಇಂದಿಗೂ ಕಾಣಬಹುದು.

ಆದರೆ ಇಂತಹ ಸ್ವಾಮಿನಿಷ್ಠೆಯೊಂದರಿಂದಲೇ ರಾಜ್ಯವು ಉಳಿಯಲಾರದೆಂಬುದು ಮುಂದೆ ಸಿದ್ಧವಾಯಿತು. ಪಾಂಡ್ಯ ಸೋದರರೊಳಗೆ ಕಲಹ ಹುಟ್ಟಿದಾಗ ಮೂರನೆಯ ಬಲ್ಲಾಳನು ಅದರ ಪ್ರಯೋಜನವನ್ನು ಪಡೆಯಲೆಂದು ದಕ್ಷಿಣಕ್ಕೆ ದಂಡೆತ್ತಿ ಹೋಗಿದ್ದನು. ಆ ಸಮಯವನ್ನೇ ಸಾಧಿಸಿ 1311ರಲ್ಲಿ ದೆಹಲಿಯ ಸೇನಾನಿ ಮಲಿಕ್ ಕಾಫರನು ರಾಜಧಾನಿಯ ಮೇಲೆ ಬಿದ್ದನು. ಹಿಂದಿರುಗಿದ ಬಲ್ಲಾಳನು ಆನೆ, ಕುದುರೆ, ಭಂಡಾರಗಳನ್ನೊಪ್ಪಿಸಿ ಸಂಧಿಯನ್ನು ಮಾಡಿಕೊಂಡನು. ನೆರೆಮನೆಯ ಜಗಳದಲ್ಲಿ ಲಾಭವನ್ನರಸಿದವನ ಮನೆಯೇ ಸೂರೆಹೋಯಿತು. 1327ರ ಸುಮಾರಿಗೆ ಮಹಮ್ಮದ್ ತುಘಲಕನ ಸೈನ್ಯವು ಮತ್ತೆ ಬಂದ ಮೇಲೆ ನಗರವು ತನ್ನ ಹಿಂದಿನ ಸಿರಿಗೆ ಮರಳಲಿಲ್ಲ. ಬಲ್ಲಾಳನಾದರೋ ತಲೆಬಾಗಿ ಕುಳಿತವನಲ್ಲ. ತಿರುವಣ್ಣಾಮಲೆಯಿಂದ ಹೋರಾಡುತ್ತ, 1342ರಲ್ಲಿ ಮಧುರೆಯ ಸುಲ್ತಾನನ ಕೈಗೆ ಸಿಕ್ಕಿ ಹತನಾದನು.

ಹೊಯ್ಸಳೇಶ್ವರನ ಆವರಣದಲ್ಲಿ ಪುರಾತತ್ತ್ವ ಇಲಾಖೆಯ ವಸ್ತುಸಂಗ್ರಹಾಲಯವಿದೆ. ಸುತ್ತಮುತ್ತಣ ಅಳಿದ ಗುಡಿಗಳ ವಿಗ್ರಹಗಳನ್ನೂ ಶಿಲಾಖಂಡಗಳನ್ನೂ ಅಲ್ಲಿ ಇರಿಸಲಾಗಿದೆ. ಅರಸರ ಕಥೆಯನ್ನು ಶಾಸನಗಳು ಹೇಳಿದರೆ, ಸಾಮಾನ್ಯ ಭಟನ ಕಥೆಯನ್ನು ನಾಡಿನ ವೀರಗಲ್ಲುಗಳು ಹೇಳುತ್ತವೆ. ಕೆಳಗಿನ ಪಟ್ಟಿಯಲ್ಲಿ ಕಾಳಗ. ನಡುವೆ ಅಪ್ಸರೆಯರು ವೀರನನ್ನು ಒಯ್ಯುವ ದೃಶ್ಯ. ಮೇಲೆ ಅವನು ಶಿವಲಿಂಗದ ಸನ್ನಿಧಿಯಲ್ಲಿ ಕುಳಿತಿರುವ ಚಿತ್ರ. ಕಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕತ್ತಿಯು ಕೆಳಗೇ ಉಳಿಯುತ್ತದೆ.

ಈ ಊರಿನಲ್ಲಿ ಶರಣರ ವಂಶೀಯರು ಮರೆಯಬಾರದ ಮತ್ತೊಂದು ಶಿಲೆಯುಂಟು. 1638ರಲ್ಲಿ ಹುಚ್ಚಪ್ಪದೇವರು ಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆಯನ್ನೊತ್ತಿದರು; ಅದನ್ನು ವಿಜಯಪ್ಪನು ಅಳಿಸಿದನು. ವಿವಾದವು ಬೆಳೆದು ರಕ್ತಪಾತಕ್ಕೆ ಎಡೆಯಾಗಬಹುದಾಗಿದ್ದಿತು. ಆದರೆ ಉಭಯಪಕ್ಷದ ಹಿರಿಯರು ಸೇರಿದರು. ಮೊದಲು ವಿಭೂತಿ ವೀಳ್ಯಗಳನ್ನು ಸಲ್ಲಿಸಿ, ಬಳಿಕ ಜೈನರು ತಮ್ಮ ಪೂಜೆಯನ್ನು ಪೂರ್ವದಂತೆ ನಡೆಸತಕ್ಕದ್ದೆಂದು ವೀರಶೈವ ಮಹಾಮಹತ್ತು ತೀರ್ಮಾನವನ್ನಿತ್ತಿತು. ಆ ಜಿನಧರ್ಮಕ್ಕೆ ಅಡ್ಡಿ ಮಾಡುವ ಸ್ವಜನರನ್ನೇ ಶಿವದ್ರೋಹಿಗಳೆಂದು ಶಾಸನದಲ್ಲಿ ಬರೆಯಿಸಿತು. ಪ್ರಬಲರಾದವರು ತಮ್ಮವರನ್ನೇ ಕಟ್ಟಿಹಾಕಿದ ಈ ನುಡಿಯು ಮಹತ್ತಿನ ಮಹತ್ತಿಗೆ ಸಾಕ್ಷಿಯಾಗಿದೆ.

ಬೇಲೂರು ಹಳೇಬೀಡುಗಳ ದೇಗುಲಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಯನ್ನು ಸೇರಿವೆ. ಶಿಲ್ಪವನ್ನು ನೋಡಿದ ಭಕ್ತರು ಬಸದಿಗೂ ನಡೆದು ಆ ಶಾಸನವನ್ನು ಕಾಣಲಿ. ದಂಡೆತ್ತಿ ಗೆದ್ದ ಸಾಮ್ರಾಜ್ಯಗಳು ಇಲ್ಲಿ ಒಂದಾದ ಮೇಲೊಂದು ಅಳಿದುವು. ಕೂಡಿ ಕುಳಿತು ಆಡಿದ ಮಾತಾದರೋ ಇನ್ನೂ ಕಲ್ಲಿನಲ್ಲಿ ನಿಂತಿದೆ.