ಬಣ್ಣಕ್ಕಿಂತ ಮೊದಲು ಅಳಲೆ

ಬೆಳಗಾವಿಯ ಶಹಾಪುರದ ನೇಕಾರಿಕೆ ನನ್ನ ಸಂಶೋಧನೆಯ ವಿಷಯ. 1948ರಲ್ಲಿ ವಿಲೀನವಾಗುವವರೆಗೆ ಶಹಾಪುರ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಮಗ್ಗ, ಸೀರೆ, ಸುಂಕ ಎಲ್ಲದರ ಬಗ್ಗೆಯೂ ಕಾಗದ ಸಿಕ್ಕಿತು. ನೂಲಿಗೆ ಬಣ್ಣ ಹಾಕಿದ ನೀಲಗಾರರು, ರಂಗಾರಿಗಳು ಮಾತ್ರ ಸಿಗಲಿಲ್ಲ. ಹುಡುಕಿ ಸಾಕಾಗಿ, ನಾನೇ ಬಟ್ಟೆ ಅದ್ದಿ ನೋಡಿದೆ.

ಗ್ರಂಥಿಗೆ ಅಂಗಡಿಯಿಂದ ತಂದ ಮಂಜಿಷ್ಠದ ಬೇರು ಕುದಿಸಿ ಬಿಳಿ ಹತ್ತಿಬಟ್ಟೆ ಹಾಕಿದೆ. ಕೆಂಪೇನೋ ಬಂತು. ಎರಡು ಸಲ ಒಗೆದ ಮೇಲೆ ಉಳಿದದ್ದು ಹಳೇ ಇಟ್ಟಿಗೆಯ ಮಾಸಲು. ಖಾನಾಪುರದಲ್ಲಿ ಪರಿಚಯದ ಅಜ್ಜಿಯೊಬ್ಬರಿಗೆ ತೋರಿಸಿದರೆ ನಕ್ಕುಬಿಟ್ಟರು: "ಮೊದಲ ಅಳಲಿಕಾಯಿ ನೀರಾಗ ನೆನಸಿಲ್ಲೇನ ಯವ್ವಾ?"

ಅಳಲೆ, ಮರಾಠಿಯಲ್ಲಿ ಹಿರಡಾ. ಹತ್ತಿಗೆ ಗಿಡಮೂಲದ ಬಣ್ಣ ಸುಲಭಕ್ಕೆ ಹಿಡಿಯುವುದಿಲ್ಲ. ಅಳಲೆಯ ಒಗರು, ಅಂದರೆ ಟ್ಯಾನಿನ್, ಎಳೆಗೆ ಅಂಟುತ್ತದೆ; ಅದು ಪಟಿಕವನ್ನು ಹಿಡಿಯುತ್ತದೆ; ಪಟಿಕ ಬಣ್ಣವನ್ನು. ಬೆಲ್ಲದ ನೀರಿನಲ್ಲಿ ತುಕ್ಕು ಮೊಳೆ ಕೊಳೆಸಿ, ಆ ನೀರಿಗೆ ಅಳಲೆ ಕುಡಿದ ಬಟ್ಟೆ ಹಾಕಿದರೆ ಕಣ್ಣೆದುರೇ ಕಪ್ಪಾಗುತ್ತದೆ. ಬೇರೆ ಬಣ್ಣವೇ ಬೇಡ!

1869ರಲ್ಲಿ ಕೃತಕ ಅಲಿಜರಿನ್ ಕೆಂಪಿಗೆ ಪೇಟೆಂಟ್ ಆಯಿತು, 1897ರಲ್ಲಿ ಜರ್ಮನಿಯ ಕೃತಕ ನೀಲಿ ಪೇಟೆಗೆ ಬಂತು. ಬಣ್ಣಗಾರರ ಒಲೆ ಆರಿತು. ಅಳಲೆಗೆ ಮಾತ್ರ ಬೇಡಿಕೆ ಹೋಗಲಿಲ್ಲ. ತೊಗಲು ಹದಮಾಡಲು ಅದು ಹಡಗು ಹತ್ತಿತು. ಸರ್ಕಾರಕ್ಕೆ ಅದು ಕಿರು ಅರಣ್ಯ ಉತ್ಪನ್ನ. ನಾನು ನೇಕಾರಿಕೆಯ ಕಡತಗಳಲ್ಲೇ ತಡಕಾಡುತ್ತಿದ್ದೆ. ಈಗ ಅರಣ್ಯದ ಕಡತ ಕೇಳಿ ಅರ್ಜಿ ಹಾಕಿದ್ದೇನೆ. ಅಜ್ಜಿ ಹೇಳಿದಂತೆ ಇನ್ನೊಂದು ಬಟ್ಟೆಯೂ ರಾತ್ರಿಯಿಂದ ನೆನೆಯುತ್ತಿದೆ.