ನೆನಪಿಲ್ಲದ ಹಡಗು, ನೆನಪಿರುವ ನಿಲ್ದಾಣ

ಈಚೆಗೆ ಎರಡು ಬಗೆಯ ಮಾತು ಕೇಳಿ ಕೇಳಿ ಸಾಕಾಗಿದೆ. ವಿಜ್ಞಾನ ಕಥೆಯ ಧಾರಾವಾಹಿಗಳಿಗೆ ಈಗೀಗ ರಾಜಕೀಯ ಹೊಕ್ಕು ಅವು ಕೆಟ್ಟವು, ಮೊದಲು ಬರೀ ಸಾಹಸವಿತ್ತು ಎಂಬುದು ಹಳೆಯ ಅಭಿಮಾನಿಗಳ ಗೊಣಗಾಟ. ಧೋರಣೆ ನೆಟ್ಟಗಿದ್ದರೆ ಧಾರಾವಾಹಿಯೂ ಚೆನ್ನಾಗಿದೆ ಎಂದು ಅಂಕ ಹಾಕುವುದು ಹೊಸ ವಿಮರ್ಶಕರ ಪದ್ಧತಿ. ಮೊದಲಿನವರು ತಾವೇ ನೋಡಿದ್ದನ್ನು ಮರೆತಿದ್ದಾರೆ. ಎರಡನೆಯವರು ನೋಡುವ ಮೊದಲೇ ತೀರ್ಪು ಬರೆದಿಟ್ಟುಕೊಂಡಿರುತ್ತಾರೆ. ನಾಲ್ಕು ದಶಕ ಇವುಗಳ ಸಹವಾಸ ಮಾಡಿದ ಮೇಲೆ ನನಗೆ ಉಳಿದಿರುವ ಪ್ರಶ್ನೆ ಒಂದೇ: ಹೋದ ವಾರ ನಡೆದದ್ದು ಈ ವಾರ ಪಾತ್ರಗಳಿಗೆ ನೆನಪಿದೆಯೇ?

ರಾಜಕೀಯವಂತೂ ಮೊದಲ ದಿನದಿಂದಲೇ ಇತ್ತು. ಎಮೆಟ್ ಟಿಲ್ ಎಂಬ ಕಪ್ಪು ಹುಡುಗನ ಕೊಲೆಯನ್ನು ಆಧರಿಸಿ ಅಮೆರಿಕದ ರಾಡ್ ಸರ್ಲಿಂಗ್ 1956ರಲ್ಲಿ ಟಿವಿ ನಾಟಕ ಬರೆದಾಗ ಪ್ರಾಯೋಜಕರು ಅದರಿಂದ ದಕ್ಷಿಣದ ರಾಜ್ಯಗಳ ಗುರುತನ್ನೆಲ್ಲ ಅಳಿಸಿಹಾಕಿಸಿದರು. ಅದೇ ಮಾತನ್ನು ಮಂಗಳ ಗ್ರಹದವನ ಬಾಯಿಂದ ಆಡಿಸಿದರೆ ಯಾರೂ ತಕರಾರು ತೆಗೆಯುವುದಿಲ್ಲವೆಂದು ಕಂಡುಕೊಂಡ ಅವರು 1959ರಲ್ಲಿ ‘ದಿ ಟ್ವೈಲೈಟ್ ಜೋನ್’ ಶುರುಮಾಡಿದರು. ಬ್ರಿಟನ್ನಿನಲ್ಲಿ ನೈಜೆಲ್ ನೀಲ್ 1953ರಲ್ಲೇ ‘ದಿ ಕ್ವಾಟರ್‌ಮಾಸ್ ಎಕ್ಸ್‌ಪೆರಿಮೆಂಟ್’ ಬರೆದಿದ್ದರು. ಅದರ ಆರು ಕಂತುಗಳಲ್ಲಿ ಈಗ ಉಳಿದಿರುವುದು ಎರಡು. 1963ರಲ್ಲಿ ‘ಡಾಕ್ಟರ್ ಹೂ’ ಬಂತು. ಅದರ ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್, ಮೊದಲ ಕಥೆಯ ನಿರ್ದೇಶಕ ಲಖನೌದಲ್ಲಿ ಹುಟ್ಟಿದ ವಾರಿಸ್ ಹುಸೇನ್. ಅಲ್ಲಿನ ಖಳರಾದ ಡಾಲೆಕ್‌ಗಳನ್ನು ಟೆರಿ ನೇಶನ್ ರೂಪಿಸಿದ್ದು ನಾಜಿಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ. ಆ ಕಾಲದ ತೊಂಬತ್ತಕ್ಕೂ ಹೆಚ್ಚು ಕಂತುಗಳು ಇಂದು ಸಿಗುವುದಿಲ್ಲ. ಬಿಬಿಸಿ ಟೇಪುಗಳನ್ನು ಅಳಿಸಿ ಮತ್ತೆ ಬಳಸಿಕೊಂಡಿತು.

1966ರ ‘ಸ್ಟಾರ್ ಟ್ರೆಕ್’ ನನ್ನ ತಲೆಮಾರಿಗೆ ಸಿಕ್ಕಿದ್ದು ಎಂಬತ್ತರ ದಶಕದಲ್ಲಿ, ದೂರದರ್ಶನದ ಭಾನುವಾರಗಳಲ್ಲಿ, ಆಂಟೆನಾ ತಿರುಗಿಸಲು ತಮ್ಮನನ್ನು ತಾರಸಿ ಹತ್ತಿಸಿದ ಮೇಲೆ. ಜೀನ್ ರಾಡೆನ್‌ಬೆರಿಯವರ ಆ ಹಡಗಿನಲ್ಲಿ ಉಹುರಾ ಎಂಬ ಕಪ್ಪು ಮಹಿಳೆ ಅಧಿಕಾರಿ. ಆ ಪಾತ್ರ ಮಾಡುತ್ತಿದ್ದ ನಿಶೆಲ್ ನಿಕೋಲ್ಸ್ ಮೊದಲ ಸೀಸನ್ನಿಗೇ ಬಿಟ್ಟು ಹೊರಟಾಗ ತಡೆದವರು ಮಾರ್ಟಿನ್ ಲೂಥರ್ ಕಿಂಗ್. ವರ್ಣದ್ವೇಷ, ವಿಯೆಟ್ನಾಂ, ಶೀತಲ ಸಮರ ಎಲ್ಲವೂ ಅಲ್ಲಿದ್ದವು. (ಖಾನ್ ನೂನಿಯನ್ ಸಿಂಗ್ ಎಂಬ ಸಿಖ್ ಪಾತ್ರಕ್ಕೆ ಮೆಕ್ಸಿಕೊದ ನಟನನ್ನು ಹಾಕಿದ್ದನ್ನೂ ಆ ಪ್ರಗತಿಪರ ಲೆಕ್ಕದಲ್ಲೇ ಬರೆದುಕೊಳ್ಳಬೇಕು.) ಆದರೆ ಕ್ಯಾಪ್ಟನ್ ಕರ್ಕ್ ಒಂದು ಗ್ರಹದ ವ್ಯವಸ್ಥೆಯನ್ನೇ ಬುಡಮೇಲು ಮಾಡಿ, ನಾಲ್ಕು ನೀತಿಮಾತು ಹೇಳಿ ಹೊರಟುಬಿಡುತ್ತಾನೆ. ಮರುದಿನ ಅಲ್ಲಿ ನೀರು ಯಾರು ಬಿಟ್ಟರು, ರೇಷನ್ ಯಾರು ಹಂಚಿದರು? ಗೊತ್ತಿಲ್ಲ, ಹಡಗು ಆಗಲೇ ಮುಂದಿನ ಗ್ರಹದಲ್ಲಿದೆ. ಬರಹಗಾರರನ್ನು ಬೈದು ಪ್ರಯೋಜನವಿಲ್ಲ. ಕಂತುಗಳನ್ನು ಬಿಡಿಬಿಡಿಯಾಗಿ, ಯಾವ ಕ್ರಮದಲ್ಲಾದರೂ ಮರುಪ್ರಸಾರಕ್ಕೆ ಮಾರುವಂತಿರಬೇಕಿತ್ತು. ಹಾಗಾಗಿ ವಾರವಾರವೂ ಸ್ಲೇಟು ಒರೆಸಲೇಬೇಕು.

ಸ್ಲೇಟು ಒರೆಸದವರು ಬಿಬಿಸಿಯ ‘ಬ್ಲೇಕ್ಸ್ 7’ನವರು, 1978ರಿಂದ 81ರವರೆಗೆ, 52 ಕಂತು. ಬರೆದು ಕಟ್ಟಿದವರು ಅದೇ ಟೆರಿ ನೇಶನ್. ಸರ್ಕಾರ ಭಿನ್ನಮತೀಯನೊಬ್ಬನ ಮೇಲೆ ಮಕ್ಕಳ ಮೇಲಿನ ಅತ್ಯಾಚಾರದ ಸುಳ್ಳು ಕೇಸು ಹೊರಿಸುವುದರಿಂದ ಕಥೆ ಆರಂಭ. ಸೆಟ್ಟು ನೋಡಿದರೆ ಇಂದು ನಗು ಬರುತ್ತದೆ, ಕೊನೆಯ ಕಂತು ನೋಡಿದರೆ ಬರುವುದಿಲ್ಲ.

ಇನ್ನು ನನ್ನ ಪಕ್ಷಪಾತದ ಕಾಲ. 1993ರಲ್ಲಿ ಎರಡು ತಿಂಗಳೊಳಗೆ ಎರಡು ಬಾಹ್ಯಾಕಾಶ ನಿಲ್ದಾಣಗಳು ಅಮೆರಿಕದ ಟಿವಿಯಲ್ಲಿ ಕಾಣಿಸಿಕೊಂಡವು: ಜನವರಿಯಲ್ಲಿ ‘ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್’, ಫೆಬ್ರವರಿಯಲ್ಲಿ ‘ಬ್ಯಾಬಿಲಾನ್ 5’ರ ಪೀಠಿಕಾ ಚಿತ್ರ. ಯಾರು ಯಾರಿಂದ ಕದ್ದರೆಂದು ಅಭಿಮಾನಿಗಳು ಇಂದಿಗೂ ಕಿತ್ತಾಡುತ್ತಾರೆ. ಅದು ಬೇಡದ ಜಗಳ. ಹಡಗು ಎಡವಟ್ಟು ಮಾಡಿ ಊರು ಬಿಡಬಹುದು. ನಿಲ್ದಾಣ ಎಲ್ಲಿಗೆ ಹೋಗಬೇಕು? ಅದರ ಎದುರಿನ ಗ್ರಹ ನಾಳೆಯೂ ಅಲ್ಲೇ ಇರುತ್ತದೆ, ನಿನ್ನೆಯ ಸಿಟ್ಟಿನೊಂದಿಗೆ.

‘ಬ್ಯಾಬಿಲಾನ್ 5’ರ 110 ಕಂತುಗಳಲ್ಲಿ 92ನ್ನು ಜೆ. ಮೈಕೆಲ್ ಸ್ಟ್ರಾಜಿನ್ಸ್ಕಿ ಒಬ್ಬರೇ ಬರೆದರು. ಸಂಭಾಷಣೆ ಕೆಲವೆಡೆ ಭಾಷಣ, ಕಂಪ್ಯೂಟರಿನಲ್ಲಿ ಮಾಡಿದ ನೌಕೆಗಳು ಈಗ ಆಟಿಕೆಯಂತೆ ಕಾಣುತ್ತವೆ. ಇರಲಿ. 1994ರ ಒಂದು ಕಂತಿನಲ್ಲಿ ಅಪಘಾತವಾಗಿ ಸಹೋದ್ಯೋಗಿ ಸತ್ತ ಮೇಲೆ ಸರಕು ಇಳಿಸುವ ಹಮಾಲರು ಮುಷ್ಕರ ಹೂಡುತ್ತಾರೆ. ಬಾಹ್ಯಾಕಾಶದಲ್ಲಿ ಹಮಾಲರು ಇರುತ್ತಾರೆಂಬುದೇ ಅಲ್ಲಿಯತನಕ ಎಷ್ಟು ಜನಕ್ಕೆ ಹೊಳೆದಿತ್ತು? ಮುಂದೆ ಭೂಮಿಯ ಸರ್ಕಾರ ಸರ್ವಾಧಿಕಾರದತ್ತ ವಾಲುತ್ತದೆ. ಅದು ದಿಢೀರ್ ದಂಗೆಯಲ್ಲಿ ಆಗುವುದಿಲ್ಲ. ತೋಳಿಗೆ ‘ನೈಟ್‌ವಾಚ್’ ಪಟ್ಟಿ ಕಟ್ಟಿಕೊಂಡು ಅಕ್ಕಪಕ್ಕದವರ ಮಾತಿಗೆ ಕಿವಿಗೊಟ್ಟರೆ ವಾರಕ್ಕೆ 50 ಕ್ರೆಡಿಟ್ ಹೆಚ್ಚು ಸಂಬಳ. ಕಾವಲು ಸಿಬ್ಬಂದಿಯ ಜ್ಯಾಕ್ ಎಂಬ ಸಾಧಾರಣ ಮನುಷ್ಯ ದುಡ್ಡು ಬರುತ್ತದಲ್ಲ ಎಂದು ಸೇರಿಕೊಳ್ಳುತ್ತಾನೆ. ಹಲವು ಕಂತುಗಳ ನಂತರ ಆ ಪಟ್ಟಿ ಅವನಿಗೆ ಭಾರವಾಗುತ್ತದೆ.

‘ಡೀಪ್ ಸ್ಪೇಸ್ ನೈನ್’ ಇನ್ನೂ ಸೂಕ್ಷ್ಮ. ಐವತ್ತು ವರ್ಷ ಪರರ ವಶದಲ್ಲಿದ್ದು ಆಗಷ್ಟೇ ಬಿಡುಗಡೆಯಾದ ಗ್ರಹ. ನಿಲ್ದಾಣದ ಎರಡನೆಯ ಅಧಿಕಾರಿ ಕಿರಾ ಹಿಂದೆ ಬಾಂಬಿಟ್ಟವಳು, ಅದಕ್ಕೆ ಕ್ಷಮೆ ಕೇಳದವಳು. 1995ರಲ್ಲಿ ಬಂದ ಕಥೆಯೊಂದು 2024ರ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆಯುತ್ತದೆ: ಕೆಲಸವಿಲ್ಲದವರನ್ನು, ಮನೆಯಿಲ್ಲದವರನ್ನು ಗೋಡೆಯೊಳಗೆ ಕೂಡಿಹಾಕಿದ್ದಾರೆ, ಹೊರಗಿನವರು ಅವರನ್ನು ಮರೆತಿದ್ದಾರೆ. 1998ರ ‘ಫಾರ್ ಬಿಯಾಂಡ್ ದಿ ಸ್ಟಾರ್ಸ್’ನಲ್ಲಿ 1953ರ ನ್ಯೂಯಾರ್ಕಿನ ಕಪ್ಪು ಲೇಖಕ, ಕಪ್ಪು ಕ್ಯಾಪ್ಟನ್ ಇರುವ ಬಾಹ್ಯಾಕಾಶ ಕಥೆ ಬರೆಯುತ್ತಾನೆ; ಪ್ರಕಾಶಕ ಆ ಸಂಚಿಕೆಯನ್ನೇ ನಾಶಮಾಡಿಸುತ್ತಾನೆ. ನಟಿಸಿ ನಿರ್ದೇಶಿಸಿದವರು ಏವರಿ ಬ್ರೂಕ್ಸ್. ಅದೇ ವರ್ಷದ ‘ಇನ್ ದಿ ಪೇಲ್ ಮೂನ್‌ಲೈಟ್’ನಲ್ಲಿ ಅವರದೇ ಪಾತ್ರವಾದ ನಿಲ್ದಾಣದ ನಾಯಕ ಯುದ್ಧ ಗೆಲ್ಲಲು ಸುಳ್ಳು ಸಾಕ್ಷ್ಯ ಹುಟ್ಟಿಸುತ್ತಾನೆ, ಕೊಲೆಗಳನ್ನು ನುಂಗಿಕೊಳ್ಳುತ್ತಾನೆ, ಕೊನೆಗೆ ತನ್ನ ತಪ್ಪೊಪ್ಪಿಗೆಯನ್ನು ದಿನಚರಿಯಿಂದ ಅಳಿಸುತ್ತಾನೆ. ಅಳಿಸಿದ್ದನ್ನು ನಾವು ನೋಡಿದ್ದೇವೆ. ಒಳ್ಳೆಯವನ ರಾಜಕೀಯವನ್ನು ಇಷ್ಟು ನಿಷ್ಠುರವಾಗಿ ತೋರಿಸಿದ 45 ನಿಮಿಷ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಇಲ್ಲಿ ಬರೆದು ಪಳಗಿದ ರೊನಾಲ್ಡ್ ಡಿ. ಮೂರ್ ಮುಂದೆ ‘ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ’ವನ್ನು ಹೊಸದಾಗಿ ಕಟ್ಟಿದರು. 2006ರಲ್ಲಿ, ಇರಾಕಿನಲ್ಲಿ ಅಮೆರಿಕದ ಸೈನ್ಯವಿದ್ದಾಗಲೇ, ಅದರ ನಾಯಕರು ಆಕ್ರಮಿತ ಊರಿನಲ್ಲಿ ಆತ್ಮಾಹುತಿ ಬಾಂಬರುಗಳನ್ನು ಕಳಿಸುತ್ತಾರೆ. 2009ರ ಮಾರ್ಚಿನಲ್ಲಿ ಈ ಧಾರಾವಾಹಿಯ ಬಗ್ಗೆ ವಿಶ್ವಸಂಸ್ಥೆಯಲ್ಲೇ ಚರ್ಚೆ ನಡೆಯಿತು. ಎಲ್ಲರೂ ಇದನ್ನು ಹೊಸ ಯುಗದ ಆರಂಭ ಎಂದರು. ಬೇರು ಎಲ್ಲಿತ್ತೆಂದು ಕೇಳಿದವರು ಕಡಿಮೆ. ‘ಫೈರ್‌ಫ್ಲೈ’ಯನ್ನು (2002) ಇದೇ ಸಾಲಿನಲ್ಲಿ ಕೂರಿಸುವವರಿದ್ದಾರೆ, ಹದಿನಾಲ್ಕೇ ಕಂತಿಗೆ ನಿಂತದ್ದು ಅದರ ಕೀರ್ತಿಗೆ ಒಳ್ಳೆಯದೇ ಆಯಿತು.

ಒಟಿಟಿ ಕಾಲದಲ್ಲಿ ನೆನಪು ಅಗ್ಗವಾಗಿದೆ. ಎಲ್ಲ ಸರಣಿಯೂ ಒಂದೇ ಉದ್ದನೆಯ ಕಥೆ. ‘ಬ್ಲ್ಯಾಕ್ ಮಿರರ್’ ಮಾತ್ರ ಪ್ರತಿ ಸಲ ಹೊಸದಾಗಿ ಹೆದರಿಸುತ್ತದೆ. ಹೆದರಿಕೆಯೂ ರಾತ್ರಿ ಕಳೆದರೆ ಇಳಿಯುತ್ತದೆ. ‘ದಿ ಎಕ್ಸ್‌ಪಾನ್ಸ್’ನ (2015–2022) ಕ್ಷುದ್ರಗ್ರಹಗಳ ಕಾರ್ಮಿಕರಿಗೆ ನೀರು, ಗಾಳಿ ಎರಡೂ ಬೇರೆಯವರ ಕೈಯಲ್ಲಿ, ಅವರ ಮೂಳೆಗಳೂ ಬೇರೆ ಥರ ಬೆಳೆದಿರುತ್ತವೆ. ಮೂರು ಸೀಸನ್ನಿಗೆ ವಾಹಿನಿ ಕೈಬಿಟ್ಟಾಗ ಆ ಬಡವರ ಕಥೆಯನ್ನು ಎತ್ತಿಕೊಂಡದ್ದು ಜೆಫ್ ಬೆಜೋಸ್ ಅವರ ಅಮೆಜಾನ್. ಟೋನಿ ಗಿಲ್ರಾಯ್ ಅವರ ‘ಆ್ಯಂಡರ್’ (2022, 2025) ಬಗ್ಗೆ ನನ್ನ ತಕರಾರಿಲ್ಲ. ಜೈಲಿನೊಳಗಿನ ಕಾರ್ಖಾನೆಯಲ್ಲಿ ಕೈದಿಗಳು ದಿನವಿಡೀ ಒಂದೇ ಭಾಗ ಜೋಡಿಸುವ ಆ ಕಂತುಗಳು ನಿಲ್ದಾಣದ ಹಮಾಲರ ಮೊಮ್ಮಕ್ಕಳು.

ನಮ್ಮಲ್ಲಿ ದೂರದರ್ಶನದ ‘ಸ್ಪೇಸ್ ಸಿಟಿ ಸಿಗ್ಮಾ’, ‘ಕ್ಯಾಪ್ಟನ್ ವ್ಯೋಮ್’, ಆಮೇಲೆ 2019ರ ‘ಲೈಲಾ’. ಆರು ಕಂತಿನ ‘ಲೈಲಾ’ ಮಾತ್ರ ಗೋಡೆಗಳ ರಾಜಕೀಯ ಮಾತಾಡಿದ್ದು. ನೆನಪಿಟ್ಟುಕೊಳ್ಳುವ ಧಾರಾವಾಹಿಯೇನೂ ಕನ್ನಡಕ್ಕೆ ಹೊಸದಲ್ಲ. ‘ಮಾಯಾಮೃಗ’ದ ನಂತರ ಟಿ.ಎನ್. ಸೀತಾರಾಮ್ ಸಂಸಾರದ ಕಥೆಯೊಳಗೇ ಕೋರ್ಟನ್ನೂ ರಾಜಕಾರಣವನ್ನೂ ವರ್ಷಗಟ್ಟಲೆ ನಡೆಸಿ ತೋರಿಸಿದರು. ಆ ಕೈಗೆ ಯಾರಾದರೂ ಒಂದು ಬಾಹ್ಯಾಕಾಶ ನಿಲ್ದಾಣ ಕೊಟ್ಟಿದ್ದರೆ ಎಂಬ ಆಸೆ ನನಗೆ ಆಗಾಗ ಬರುವುದುಂಟು.

ಕರ್ಕ್‌ನ ಹಡಗನ್ನೂ ಅದರ ನಂತರದ ‘ನೆಕ್ಸ್ಟ್ ಜನರೇಶನ್’ ಹಡಗನ್ನೂ ಮೂಲ ಫಿಲ್ಮಿನಿಂದ ತೆಗೆದು ಎಚ್‌ಡಿಯಲ್ಲಿ ಹೊಳೆಯುವಂತೆ ಮಾಡಿದ್ದಾರೆ. ‘ಬ್ಯಾಬಿಲಾನ್ 5’ಕ್ಕೂ ತಡವಾಗಿಯಾದರೂ ಒಂದಿಷ್ಟು ಆರೈಕೆ ಸಿಕ್ಕಿತು. ‘ಡೀಪ್ ಸ್ಪೇಸ್ ನೈನ್’ ಕೂಡ ಫಿಲ್ಮಿನಲ್ಲೇ ಚಿತ್ರಿತವಾದದ್ದು, ಸಂಕಲನ ಮಾತ್ರ ವಿಡಿಯೋದಲ್ಲಿ ಆಯಿತು. ಅದರ 176 ಕಂತುಗಳು ಇವತ್ತಿಗೂ ತೊಂಬತ್ತರ ದಶಕದ ಆ ಮಸುಕು ಟೇಪಿನಲ್ಲೇ ಇವೆ.