ನೆತ್ತರಿನ ತೇಪೆ

1898ರ ಆಗಸ್ಟ್‌ನಲ್ಲಿ ಜರ್ಮನಿಯ ಕೀಲ್‌ನಲ್ಲಿ ಶಸ್ತ್ರವೈದ್ಯ ಆಗಸ್ಟ್ ಬಿಯರ್ ತಮ್ಮ ಸಹಾಯಕ ಹಿಲ್ಡೆಬ್ರಾಂಟ್‌ಗೆ ಬೆನ್ನೊಡ್ಡಿ ಕೂತರು. ಬೆನ್ನುಹುರಿಯ ಸುತ್ತಲಿನ ನೀರಿಗೆ ಕೊಕೇನ್ ಬೆರೆಸಿದರೆ ಸೊಂಟದ ಕೆಳಗೆ ನೋವು ತಿಳಿಯದೆಂದು ರೋಗಿಗಳಲ್ಲಿ ಆಗಲೇ ಕಂಡಿದ್ದರು. ಈಗ ಅದನ್ನು ತಮ್ಮ ಮೈಯಲ್ಲೇ ಪರೀಕ್ಷಿಸಬೇಕಿತ್ತು. ಸಿರಿಂಜು ಸೂಜಿಗೆ ಕೂರಲಿಲ್ಲ. ಔಷಧದ ಬಹುಪಾಲು ಚೆಲ್ಲಿಹೋಯಿತು, ಬೆನ್ನಿನ ನೀರೂ ಸೋರಿತು. ಆಮೇಲೆ ಎದ್ದರೆ ತಲೆನೋವು, ತಲೆಸುತ್ತು, ಮಲಗಿದರೆ ಆರಾಮ. ಒಂಬತ್ತು ದಿನ ಹಾಸಿಗೆ ಹಿಡಿದರು.

ಅರಿವಳಿಕೆ ವೈದ್ಯೆಯಾದ ನನಗೆ ಈ ಕಥೆ ಬರೀ ಇತಿಹಾಸವಲ್ಲ. ಬೆನ್ನಿಗೆ ಅರಿವಳಿಕೆ ಕೊಟ್ಟು ಸಿಸೇರಿಯನ್ ಮಾಡಿದ್ದ ಬಾಣಂತಿಯೊಬ್ಬಳು ವಾರದ ಬಳಿಕ ಬಂದು, "ಕೂಸು ಎರಡೆರಡು ಕಾಣ್ತದೆ ಡಾಕ್ಟ್ರೇ" ಎಂದಳು. ತಲೆನೋವೆಂದಾಗ ನಿದ್ದೆಗೆಟ್ಟದ್ದಕ್ಕೆ ಎಂದು ಎಲ್ಲರೂ ಸಮಾಧಾನ ಹೇಳಿ ಕಳಿಸಿದ್ದರಂತೆ. ನನ್ನ ಬೆರಳನ್ನು ಅವಳ ಎಡಕ್ಕೆ ಸರಿಸಿದೆ. ಬಲಗಣ್ಣು ಹಿಂಬಾಲಿಸಿತು, ಎಡಗಣ್ಣು ನಟ್ಟನಡುವೆ ನಿಂತುಬಿಟ್ಟಿತು.

ಮಿದುಳು ತೇಲುವುದು ಸುಮಾರು 150 ಮಿ.ಲೀ. ನೀರಿನ ಆಸರೆಯಲ್ಲಿ. ಸೂಜಿಯ ತೂತಿನಿಂದ ಅದು ಸೋರಿದರೆ ಮಿದುಳು ಕೆಳಕ್ಕೆ ಜಗ್ಗುತ್ತದೆ. ಕಣ್ಣನ್ನು ಹೊರಗೆ ತಿರುಗಿಸುವ ಆರನೇ ಕಪಾಲ ನರ ಮಿದುಳಿನ ಬುಡದಿಂದ ಮೇಲೇರಿ, ಮೂಳೆಯ ಅಂಚಿನಲ್ಲಿ ಬಾಗಿ ಸಾಗುವುದರಿಂದ ಆ ಎಳೆತಕ್ಕೆ ಬೇಗ ಸಿಕ್ಕಿಕೊಳ್ಳುತ್ತದೆ.

ಬಹುಕಾಲ ಈ ಸೋರಿಕೆಯ ತಲೆನೋವಿಗೆ ಮಲಗಿಸುವುದು, ನೀರು ಕುಡಿಸುವುದು ಬಿಟ್ಟರೆ ಹೆಚ್ಚಿನ ದಾರಿ ಇರಲಿಲ್ಲ. ಸೂಜಿ ಚುಚ್ಚುವಾಗ ರಕ್ತ ಬಂದವರಿಗೆ ತಲೆನೋವು ಕಡಿಮೆ ಎಂಬುದನ್ನು ಅಮೆರಿಕದ ಶಸ್ತ್ರವೈದ್ಯ ಜೇಮ್ಸ್ ಗಾರ್ಮ್ಲಿ ಗಮನಿಸಿದರು. ರೋಗಿಯದೇ ರಕ್ತ ಎರಡು-ಮೂರು ಮಿ.ಲೀ. ತೆಗೆದು ಬೆನ್ನುಹುರಿಯ ಪೊರೆಯ ಹೊರಗೆ ಬಿಟ್ಟು, 1960ರಲ್ಲಿ ಅದನ್ನು ಪ್ರಕಟಿಸಿದರು. ಸೋಂಕಿನ ಭಯಕ್ಕೆ ಹಲವರು ಹಿಂಜರಿದರು. 1970ರಲ್ಲಿ ವೈದ್ಯರಾದ ಡಿಜಿಯೊವಾನಿ ಮತ್ತು ಡನ್ಬಾರ್ 10 ಮಿ.ಲೀ. ಕೊಟ್ಟು ಫಲ ತೋರಿಸಿದ ಮೇಲೆ ಈ ನೆತ್ತರಿನ ತೇಪೆ ಬಳಕೆಗೆ ಬಂತು. ಈಗ 20 ಮಿ.ಲೀ.ವರೆಗೂ ಕೊಡುತ್ತೇವೆ. ಪೆನ್ಸಿಲ್ ಮೊನೆಯ ತೆಳು ಸೂಜಿಗಳಿಂದ ಸೋರಿಕೆಯೂ ತಗ್ಗಿದೆ.

ಆ ತಾಯಿಗೂ ತೇಪೆ ಹಾಕಿದೆವು. ತಲೆನೋವು ಅಂದೇ ಇಳಿಯಿತು. ಕಣ್ಣು ಮಾತ್ರ ತಿಂಗಳುಗಟ್ಟಲೆ ಕಾಯಿಸಿತು. ಅಲ್ಲಿಯವರೆಗೆ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಹಾಲೂಡಿಸಿದಳು. ಸೋರಿಕೆ ನಿಂತರೂ ಜಗ್ಗಿದ ನರ ಸುಧಾರಿಸಲು ಸಮಯ ಹಿಡಿಯುತ್ತದೆ. ಹಾಗಾಗಿಯೇ ಕಿರಿಯರಿಗೆ ಹೇಳುತ್ತೇನೆ: ಬೆನ್ನಿಗೆ ಸೂಜಿ ಹಾಕಿದವರನ್ನು ಮನೆಗೆ ಕಳಿಸುವ ಮುನ್ನ ಎಬ್ಬಿಸಿ ಕೂರಿಸಿ, ತಲೆನೋವು ಕೇಳಿ, ಎರಡೂ ಬದಿಗೆ ನೋಡಿಸಿ. ತಲೆನೋವು ಬಿಡದಿದ್ದರೆ, ಒಂದು ಎರಡಾಗಿ ಕಂಡರೆ ಕೂಡಲೇ ಬರಬೇಕೆಂದು ಅವರಿಗೂ ಮನೆಯವರಿಗೂ ತಿಳಿಸಿ. ಬಂದಾಗ ಅವರ ಮಾತನ್ನು ನಂಬಿ.